ನಮ್ಮ ಮನೆಯ ಕರೆಂಟು ಬಿಲ್: ಸಹಾಯ ಎಲ್ಲುಂಟು, ಉಳಿತಾಯ ಹೇಗೆ?



2025ರ ಮೇ ತಿಂಗಳಲ್ಲಿ ತೊಕ್ಕೊಟ್ಟಿನ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ ಆಗಿತ್ತು. ಸಾಲದ ಬೇಡಿಕೆ ಬರೆಯುವ ಹೊತ್ತಿಗೆ ಒಬ್ಬ ಸದಸ್ಯೆ ಎರಡು ಸಾವಿರ ರೂಪಾಯಿ ಕೇಳಿದರು. ಉದ್ದೇಶ ಎಂತ ಎಂದು ಪ್ರತಿನಿಧಿ ಕೇಳಿದಾಗ, ಸ್ವಲ್ಪ ನಾಚಿಕೆಯಿಂದ, "ಕರೆಂಟು ಬಿಲ್ ಕಟ್ಟಲಿಕ್ಕೆ" ಎಂದರು. ಎಲ್ಲರೂ ಅವರ ಮುಖ ನೋಡಿದರು. "ಈಗ ಯಾರಿಗೆ ಮಾರಾಯ್ತಿ ಕರೆಂಟು ಬಿಲ್? ಇನ್ನೂರು ಯೂನಿಟ್ ಫ್ರೀ ಅಲ್ವಾ?" ಎಂದು ಪಕ್ಕದವರು ಕೇಳಿಯೇ ಬಿಟ್ಟರು.

ಅವರು ಚೀಲದಿಂದ ಬಿಲ್ ತೆಗೆದು ನನ್ನ ಕೈಗೆ ಕೊಟ್ಟರು. ಸಾವಿರದ ಐನೂರು ರೂಪಾಯಿ ಚಿಲ್ಲರೆ. ಬೀಡಿ ಕಟ್ಟಿ ಸಂಸಾರ ನಡೆಸುವ ಮನೆ, ಗಂಡನಿಗೆ ಮಳೆಗಾಲದಲ್ಲಿ ಕೆಲಸ ಕಡಿಮೆ. ಆ ದುಡ್ಡಿಗೆ ಎಷ್ಟು ದಿನ ಬೀಡಿ ಕಟ್ಟಬೇಕು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಬಿಲ್ಲಿನಲ್ಲಿ ಬಳಸಿದ ಯೂನಿಟ್ ನೋಡಿದೆ: 204.

ಆ ನಾಲ್ಕು ಯೂನಿಟ್ ಅವರಿಗೆ ಎಷ್ಟು ದುಬಾರಿಯಾಯಿತು ಎಂದು ಲೆಕ್ಕ ಹಾಕಿ ತೋರಿಸಿದಾಗ ಸಭೆಯಲ್ಲಿ ಇದ್ದವರಿಗೆಲ್ಲ ಆಶ್ಚರ್ಯ. ಅಂದಿನಿಂದ ಈ ವಿಷಯ ಬರೆಯಬೇಕೆಂದು ಇತ್ತು. ಕರೆಂಟಿನ ವಿಷಯದಲ್ಲಿ ನಮಗೆ ಸಿಗುವ ಸಹಾಯ ಸಾಕಷ್ಟು ಉಂಟು, ಆದರೆ ಅದನ್ನು ಉಳಿಸಿಕೊಳ್ಳಬೇಕಾದರೆ ಬಿಲ್ ಓದಲಿಕ್ಕೆ ನಮಗೇ ಬರಬೇಕು. ಪಾಸ್‌ಬುಕ್ ಓದಲು ಕಲಿತವರಿಗೆ ಇದು ದೊಡ್ಡ ಸಂಗತಿ ಅಲ್ಲ.

ಇನ್ನೂರು ಯೂನಿಟ್ ಎಲ್ಲರಿಗೂ ಫ್ರೀ ಅಲ್ಲ

ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಗೆ ಅನ್ವಯವಾಗುವಂತೆ ಶುರುವಾಯಿತು. ಆಗಸ್ಟ್‌ನಲ್ಲಿ ಬಂದ ಬಿಲ್ಲಿನಿಂದ ನಮಗೆ ಅದರ ಪ್ರಯೋಜನ ಸಿಕ್ಕಿತು. ಆವಾಗ ಎಲ್ಲರ ಬಾಯಲ್ಲೂ "ಇನ್ನೂರು ಯೂನಿಟ್" ಎಂಬ ಮಾತು. ಅದೇ ಮಾತು ಮನಸ್ಸಿನಲ್ಲಿ ಉಳಿದು ಹೋಗಿದೆ. ನಿಜವಾದ ಲೆಕ್ಕ ಬೇರೆ.

ಪ್ರತಿಯೊಂದು ಮೀಟರಿಗೂ ಅದರದ್ದೇ ಒಂದು ಮಿತಿ ಉಂಟು. 2022-23ನೇ ಸಾಲಿನಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ, ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಸಿಗುವುದು ಆ ಮನೆಯ ಉಚಿತ ಮಿತಿ. ನಮ್ಮ ಸದಸ್ಯೆಯ ಮನೆಯ ಸರಾಸರಿ 110. ಅದಕ್ಕೆ 11 ಸೇರಿಸಿ 121 ಯೂನಿಟ್. ಇದರೊಳಗೆ ಬಳಸಿದರೆ ಬಿಲ್ ಸೊನ್ನೆ. 121 ದಾಟಿ 200ರ ಒಳಗೆ ಇದ್ದರೆ, ದಾಟಿದ ಯೂನಿಟಿಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳು ಉಚಿತವೇ ಇಲ್ಲ. ಒಂದನೇ ಯೂನಿಟಿನಿಂದಲೇ ಪೂರ್ತಿ ಬಿಲ್, ಅದರ ಮೇಲೆ ನಿಗದಿತ ಶುಲ್ಕ, ಸರ್ಚಾರ್ಜ್, ತೆರಿಗೆ.

2025-26ರ ದರದಲ್ಲಿ ಮನೆಬಳಕೆಗೆ ಯೂನಿಟಿಗೆ 5 ರೂಪಾಯಿ 80 ಪೈಸೆ. ಈ ಮನೆಯವರು 200ಕ್ಕೆ ನಿಲ್ಲಿಸಿದ್ದರೆ 79 ಯೂನಿಟಿಗೆ 458 ರೂಪಾಯಿ, ಸರ್ಚಾರ್ಜ್ ತೆರಿಗೆ ಸೇರಿ ಐನೂರ ಮೂವತ್ತರ ಹತ್ತಿರ ಆಗುತ್ತಿತ್ತು. 204 ಆದದ್ದರಿಂದ 204ಕ್ಕೂ ದುಡ್ಡು: 1,183 ರೂಪಾಯಿ. ಅದಕ್ಕೆ ಒಂದು ಕಿಲೋವಾಟಿನ ನಿಗದಿತ ಶುಲ್ಕ 145, ಮತ್ತೆ ಸರ್ಚಾರ್ಜ್, ಶೇಕಡಾ 9ರ ತೆರಿಗೆ. ನಾಲ್ಕು ಯೂನಿಟಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ ಹೆಚ್ಚು!

ತುಂಬಾ ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತು ಎಂದರೆ ಮೂರು ನಾಲ್ಕು ಯೂನಿಟ್ ಮಾತ್ರ ಸಿಗುತ್ತಿತ್ತು. ಬಲ್ಬ್ ಮಾತ್ರ ಉರಿಸುತ್ತಿದ್ದ ಬಡ ಮನೆಗೆ ಒಂದು ಫ್ಯಾನ್ ಬಂದರೆ ಮಿತಿ ದಾಟಿ ಹೋಗುತ್ತಿತ್ತು. 2024ರ ಜನವರಿಯಲ್ಲಿ ಸರ್ಕಾರ ಇದನ್ನು ಸರಿಪಡಿಸಿತು. ಸರಾಸರಿ 48 ಯೂನಿಟಿಗಿಂತ ಕಡಿಮೆ ಇರುವವರಿಗೆ ಶೇಕಡಾ ಹತ್ತರ ಬದಲು ನೇರವಾಗಿ 10 ಯೂನಿಟ್ ಹೆಚ್ಚು. ಸರಾಸರಿ 30 ಇದ್ದರೆ ಮೊದಲು 33, ಈಗ 40. ಹೊಸ ಮನೆ, ಹಳೆಯ ಲೆಕ್ಕವೇ ಇಲ್ಲ ಎಂದಾದರೆ 53 ಯೂನಿಟ್ ಸರಾಸರಿ ಎಂದು ಹಿಡಿದು 58ರ ವರೆಗೆ ಉಚಿತ. ಹೆಚ್ಚು ಬಳಸುವವರಿಗೆ ಹೆಚ್ಚು ಉಚಿತ, ಹಿಂದೆಯೂ ಮಿತವಾಗಿ ಬಳಸಿದವರಿಗೆ ಕಡಿಮೆ ಉಚಿತ ಎಂಬುದು ನ್ಯಾಯವೇ ಎಂದು ನೀವು ಕೇಳಬಹುದು. ನನಗೂ ಆ ಪ್ರಶ್ನೆ ಉಂಟು. ಆದರೆ ಈಗ ಇರುವ ನಿಯಮ ಇದು.

ನಿಮ್ಮ ಮನೆಯ ಮಿತಿ ಎಷ್ಟು? ಬಿಲ್ಲಿನಲ್ಲಿ ಗೃಹಜ್ಯೋತಿಯ ಅರ್ಹ ಯೂನಿಟ್ ಎಷ್ಟು ಎಂದು ನೋಡಿ. ಗೊತ್ತಾಗದಿದ್ದರೆ ರೀಡಿಂಗಿಗೆ ಬರುವವರನ್ನು ಕೇಳಿ, ಅಥವಾ ಮೆಸ್ಕಾಂ ಕಚೇರಿಗೆ ಬಿಲ್ ತೆಗೆದುಕೊಂಡು ಹೋಗಿ ಕೇಳಿ. ಆ ಸಂಖ್ಯೆಯನ್ನು ಮೀಟರಿನ ಹತ್ತಿರ ಗೋಡೆಯ ಮೇಲೆ ಬರೆದಿಡಿ. ಗ್ಯಾಸ್ ಬುಕ್ ಮಾಡಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತೇವಲ್ಲ, ಹಾಗೆ.

ಬಾಡಿಗೆ ಮನೆಯವರ ಮಂಡೆಬಿಸಿ

ತೊಕ್ಕೊಟ್ಟು, ಪೆರ್ಮನ್ನೂರು, ಬಬ್ಬುಕಟ್ಟೆ, ಚೆಂಬುಗುಡ್ಡೆ ಕಡೆ ಬಾಡಿಗೆ ಮನೆಯವರು ತುಂಬಾ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಮನೆ ಸ್ವಂತದ್ದಾಗಿರಬೇಕು ಎಂದಿಲ್ಲ. ಆದರೆ ಮೀಟರಿಗೆ ಒಬ್ಬರ ಆಧಾರ್ ಜೋಡಣೆ ಆಗಬೇಕು, ಮತ್ತು ಒಬ್ಬರಿಗೆ ಒಂದೇ ಮೀಟರ್.

ತೊಂದರೆ ಬರುವುದು ಮನೆ ಬದಲಾಯಿಸುವಾಗ. ಹಳೆಯ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಣೆ ಹಾಗೆಯೇ ಉಳಿದಿದ್ದರೆ ಹೊಸ ಮನೆಯಲ್ಲಿ ಅರ್ಜಿ ಹಾಕಲಿಕ್ಕೆ ಆಗುವುದಿಲ್ಲ. ಹೊಸ ಮನೆಯ ಮೀಟರಿಗೆ ಹಿಂದಿನ ಬಾಡಿಗೆಯವರ ಹೆಸರು ಇದ್ದರೂ ಅಷ್ಟೇ. 2024ರಿಂದ ಇದಕ್ಕೆ ದಾರಿ ಉಂಟು. ಸೇವಾ ಸಿಂಧು ಪೋರ್ಟಲಿನಲ್ಲಿ 'ಡಿ-ಲಿಂಕ್' ಮಾಡಿಸಿ ಹಳೆಯ ಜೋಡಣೆ ಬಿಡಿಸಬಹುದು, ಆಮೇಲೆ ಹೊಸ ಮೀಟರಿಗೆ ಹೊಸದಾಗಿ ನೋಂದಾಯಿಸಬಹುದು. ಫೋನಿನಲ್ಲಿ ಮಾಡಲು ಬಾರದವರು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ. ಆಧಾರ್ ಕಾರ್ಡ್, ಆಧಾರಿಗೆ ಜೋಡಿಸಿದ ಮೊಬೈಲ್ (ಒಟಿಪಿ ಬರುತ್ತದೆ), ಮನೆಯ ಕರೆಂಟು ಬಿಲ್, ಬಾಡಿಗೆ ಕರಾರು ಪತ್ರ ಇದ್ದರೆ ಅದು, ಇಷ್ಟು ಕೈಯಲ್ಲಿರಲಿ. ಮನೆ ಖಾಲಿ ಮಾಡುವ ದಿನ ಬೀಗದ ಕೈ ಕೊಡುವುದರ ಜೊತೆಗೆ ಡಿ-ಲಿಂಕ್ ಕೂಡ ಮಾಡಿಸಿಬಿಟ್ಟರೆ ನಿಮಗೂ ಒಳ್ಳೆಯದು, ನಿಮ್ಮ ನಂತರ ಬರುವ ಹೆಂಗಸಿಗೂ ಒಳ್ಳೆಯದು.

ಮನೆ ನೋಡಲು ಹೋದಾಗ ನೀರು ಉಂಟಾ, ಬಸ್ಸು ಹತ್ತಿರವಾ ಎಂದು ಕೇಳುತ್ತೇವೆ. ಇನ್ನು ಮುಂದೆ "ಒಂದು ಹಳೆಯ ಕರೆಂಟು ಬಿಲ್ ತೋರಿಸುತ್ತೀರಾ?" ಎಂದೂ ಕೇಳಿ. ಮಿತಿ ಎಷ್ಟು, ಹಿಂದಿನ ಬಾಕಿ ಎಷ್ಟು ಎಂದು ಅಲ್ಲೇ ಗೊತ್ತಾಗುತ್ತದೆ.

ಕೆಲವು ಕಡೆ ಬಿಲ್ ಮಾಲೀಕರ ಕೈಗೆ ಹೋಗುತ್ತದೆ. ಬಾಡಿಗೆಯವರು ತಿಂಗಳಿಗೆ ಇಷ್ಟು ಎಂದು ಕರೆಂಟಿನ ದುಡ್ಡು ಕೊಡುತ್ತಾ ಇರುತ್ತಾರೆ. ಬಿಲ್ ಸೊನ್ನೆ ಬಂದಿತ್ತಾ ಇಲ್ಲವಾ ಎಂದು ನೋಡಿದವರಿಲ್ಲ. ಜಗಳ ಮಾಡಿ ಎಂದು ನಾನು ಹೇಳುವುದಿಲ್ಲ, ಮನೆ ಬಿಡಿಸಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆದರೆ ಬಿಲ್ ನೋಡಿ ದುಡ್ಡು ಕೊಡುತ್ತೇನೆ ಎಂದು ನಯವಾಗಿ ಹೇಳಬಹುದು. ಒಬ್ಬರೇ ಹೇಳಲು ಹೆದರಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಮೀಟರಿನ ಮುಂದೆ ನಿಂತು ನೋಡಿದ್ದು

ಈಗ ಆ 204ರ ಕಥೆಗೆ ಬರುವ. ಆ ಮನೆಯಲ್ಲಿ ಇದ್ದದ್ದು ಎರಡು ಫ್ಯಾನ್, ನಾಲ್ಕು ಬಲ್ಬ್, ಒಂದು ಟಿವಿ, ಒಂದು ಹಳೆಯ ಫ್ರಿಜ್, ಮಿಕ್ಸಿ. ಬಿಸಿನೀರಿಗೆ ಬಚ್ಚಲಿನ ಹಂಡೆ. ಏಪ್ರಿಲ್ ಸೆಕೆಗೆ ಫ್ಯಾನ್ ಹಗಲು ರಾತ್ರಿ ತಿರುಗಿದರೂ 204 ಆಗುವ ಮನೆ ಅಲ್ಲ. ಇಷ್ಟಕ್ಕೆ ಇಷ್ಟು ಬರುವುದಿಲ್ಲವಲ್ಲ ಎಂದು ನನಗೆ ಅನಿಸಿತು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ.

ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿನುಗುವುದನ್ನು ನೀವು ನೋಡಿರಬಹುದು. ಕರೆಂಟು ಓಡಿದಂತೆ ಅದು ಮಿನುಗುತ್ತದೆ. ಹೆಚ್ಚು ಓಡಿದರೆ ಬೇಗ ಬೇಗ, ಕಡಿಮೆ ಓಡಿದರೆ ನಿಧಾನ. ಮನೆಯೊಳಗಿನ ಎಲ್ಲಾ ಸ್ವಿಚ್ ಆಫ್ ಮಾಡಿಸಿದೆ, ಫ್ರಿಜ್ಜಿನ ಪ್ಲಗ್ ತೆಗೆಸಿದೆ, ಮೊಬೈಲ್ ಚಾರ್ಜರ್ ಕೂಡ. ಈಗ ದೀಪ ಮಿನುಗಬಾರದು. ಆದರೆ ಅದು ಕಣ್ಣು ಹೊಡೆದ ಹಾಗೆ ಬಡಬಡ ಮಿನುಗುತ್ತಾ ಇತ್ತು! ಅಷ್ಟರಲ್ಲಿ ಹಿತ್ತಲಿನ ಬಾವಿಯ ಪಂಪು ನಿಂತಿತು. ದೀಪವೂ ನಿಂತಿತು.

ಅರ್ಥ ಆಯಿತಲ್ಲ? ಎರಡು ವರ್ಷದ ಹಿಂದೆ ಒಂದೇ ಮನೆಯನ್ನು ಎರಡು ಭಾಗ ಮಾಡಿ ಬಾಡಿಗೆಗೆ ಕೊಡುವಾಗ, ಎರಡೂ ಮನೆಯ ನೀರಿನ ಪಂಪಿನ ವಯರು ಇವರ ಮೀಟರಿಗೆ ಸೇರಿತ್ತು. ಒಂದು ಎಚ್‌ಪಿ ಪಂಪು ಒಂದು ಗಂಟೆ ಓಡಿದರೆ ಸುಮಾರು ಒಂದು ಯೂನಿಟ್. ದಿನಕ್ಕೆ ಎರಡು ಗಂಟೆ ಎಂದರೆ ತಿಂಗಳಿಗೆ 60 ಯೂನಿಟ್. ಬೇಸಿಗೆಯಲ್ಲಿ ಬಾವಿ ನೀರು ಕೆಳಗೆ ಹೋದಾಗ ಅದಕ್ಕಿಂತ ಹೆಚ್ಚು. ಯಾರೂ ಬೇಕೆಂದು ಮಾಡಿದ್ದಲ್ಲ. ಎಲೆಕ್ಟ್ರಿಷಿಯನ್‌ಗೆ ಹತ್ತಿರ ಸಿಕ್ಕಿದ ಬೋರ್ಡಿಗೆ ಕೊಟ್ಟಿದ್ದ, ಮನೆಯವರಿಗೂ ಗೊತ್ತಿರಲಿಲ್ಲ. ಮಾಲೀಕರಿಗೆ ತೋರಿಸಿದ ಮೇಲೆ ಪಂಪಿನ ಲೈನನ್ನು ತಮ್ಮ ಸ್ವಂತ ಮೀಟರಿಗೆ ಬದಲಾಯಿಸಿ ಕೊಟ್ಟರು. ಜೂನ್‌ನಲ್ಲಿ ಇವರ ಬಿಲ್ 130 ಯೂನಿಟಿಗೆ ಇಳಿಯಿತು.

ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಎಲ್ಲಾ ಆಫ್ ಮಾಡಿದ ಮೇಲೂ ದೀಪ ಮಿನುಗಿದರೆ, ಯಾವುದೋ ಒಂದು ವಸ್ತು ಗೊತ್ತಿಲ್ಲದೆ ಓಡುತ್ತಾ ಉಂಟು, ಬೇರೆಯವರ ಲೈನು ಸೇರಿದೆ ಅಥವಾ ವಯರಿನಲ್ಲಿ ಕರೆಂಟು ಸೋರುತ್ತಿದೆ. ಮೂರನೆಯದು ಆದರೆ ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ನಮ್ಮ ಕಡಲತೀರದ ಉಪ್ಪು ಗಾಳಿಗೆ ವಯರಿನ ಜೋಡಣೆ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಗೋಡೆ ತೇವ ಎಳೆಯುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ನೀವು ಬೋರ್ಡ್ ಬಿಚ್ಚಲು ಹೋಗಬೇಡಿ.

ಇನ್ನೊಂದು ಅಭ್ಯಾಸ. ರೀಡಿಂಗಿಗೆ ಬಂದು ಹೋದ ದಿನದಿಂದ ವಾರಕ್ಕೊಮ್ಮೆ, ಸಂಘದ ಸಭೆಯ ದಿನವೇ ಆಗಲಿ, ಮೀಟರಿನ ಸಂಖ್ಯೆ ಬರೆದಿಡಿ. ಬಿಲ್ಲಿನ 'ಈಗಿನ ರೀಡಿಂಗ್' ಅನ್ನು ಅದರಿಂದ ಕಳೆದರೆ ಇಷ್ಟರವರೆಗೆ ಓಡಿದ್ದು ಎಷ್ಟು ಎಂದು ಸಿಗುತ್ತದೆ. ಮೂರನೇ ವಾರದಲ್ಲಿ 150 ದಾಟಿತು ಎಂದರೆ ಕೊನೆಯ ವಾರ ಇಸ್ತ್ರಿ ಪೆಟ್ಟಿಗೆ ಮುಟ್ಟುವುದು ಬೇಡ ಎಂದು ನೀವೇ ಹೇಳುತ್ತೀರಿ.

ಯಾವುದು ಎಷ್ಟು ತಿನ್ನುತ್ತದೆ?

ಯೂನಿಟ್ ಎಂದರೆ ಸಾವಿರ ವಾಟಿನ ವಸ್ತು ಒಂದು ಗಂಟೆ ಓಡುವುದು. ನೂರು ವಾಟಿನದ್ದಾದರೆ ಹತ್ತು ಗಂಟೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಬಾಯಿ ಲೆಕ್ಕ.

ನಮ್ಮ ಹೆಂಗಸರಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು. ಶಬ್ದ ಮಾಡುವ ವಸ್ತು ಹೆಚ್ಚು ಕರೆಂಟು ತಿನ್ನುತ್ತದೆ ಎಂದು. ಮಸಾಲೆ ಅರೆಯುವಾಗ ಮಿಕ್ಸಿ ಗರ್ರೆಂದ ಕೂಡಲೇ ಅತ್ತೆ "ಬಿಲ್ ಬರುತ್ತದೆ" ಎನ್ನುತ್ತಾರೆ. 600 ವಾಟಿನ ಮಿಕ್ಸಿ ಹತ್ತು ನಿಮಿಷ ಓಡಿದರೆ ಒಂದು ಯೂನಿಟಿನ ಹತ್ತರಲ್ಲಿ ಒಂದು ಪಾಲು, ಅಷ್ಟೇ. ತಿಂಗಳಿಡೀ ಅರೆದರೂ ಮೂರು ಯೂನಿಟ್. ಶಬ್ದವೇ ಇಲ್ಲದೆ ಮೂಲೆಯಲ್ಲಿ ಕುಳಿತ ಟಿವಿಯ ಸೆಟ್ ಟಾಪ್ ಬಾಕ್ಸ್ ಹತ್ತು ವಾಟ್ ಎಂದು ಹಿಡಿದರೂ, ಹಗಲು ರಾತ್ರಿ ಆನ್ ಇದ್ದರೆ ತಿಂಗಳಿಗೆ ಏಳು ಯೂನಿಟ್ ನುಂಗುತ್ತದೆ. ರಿಮೋಟಿನಲ್ಲಿ ಟಿವಿ ಆಫ್ ಮಾಡಿದರೆ ಸಾಲದು, ಗೋಡೆಯ ಸ್ವಿಚ್ ಆಫ್ ಮಾಡಬೇಕು.

ದೊಡ್ಡ ಕಳ್ಳರು ಎಂದರೆ ಬಿಸಿ ಮಾಡುವ ವಸ್ತುಗಳು. 2000 ವಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಎಂದರೆ ತಿಂಗಳಿಗೆ 30 ಯೂನಿಟ್. ಬಕೆಟಿಗೆ ಹಾಕುವ ರಾಡ್ 1500 ವಾಟಿನದ್ದಾದರೆ ನಲವತ್ತು ನಿಮಿಷಕ್ಕೆ ಒಂದು ಯೂನಿಟ್. (ರಾಡ್ ಹಾಕಿದ ಬಕೆಟಿಗೆ ಕೈ ಹಾಕಿ ಜೀವ ಕಳೆದುಕೊಂಡವರು ಇದ್ದಾರೆ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.) ಇಸ್ತ್ರಿ ಪೆಟ್ಟಿಗೆ 1000 ವಾಟ್. ದಿನಕ್ಕೊಂದು ಯೂನಿಫಾರ್ಮ್ ಇಸ್ತ್ರಿ ಹಾಕುವ ಬದಲು ಆದಿತ್ಯವಾರ ಎಲ್ಲವನ್ನೂ ಒಟ್ಟಿಗೆ ಹಾಕಿದರೆ, ಪ್ರತಿ ಸಲ ಪೆಟ್ಟಿಗೆ ಕಾಯಿಸುವ ಕರೆಂಟು ಉಳಿಯುತ್ತದೆ. ತೆಂಗಿನ ಮಡಲು, ಗೆರಟೆ, ಸಿಪ್ಪೆ ಸಿಗುವ ಮನೆಗಳಲ್ಲಿ ಹಂಡೆಯೇ ಒಳ್ಳೆಯದು. ಆದರೆ ಹೊಗೆ ಹೋಗಲು ಚಿಮಿಣಿ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ 'ಅಸ್ತ್ರ ಒಲೆ' ನಿಮ್ಮಲ್ಲಿ ಕೆಲವರ ಅಮ್ಮಂದಿರಿಗೆ ನೆನಪಿರಬಹುದು. ಸೌದೆಯ ಬಿಸಿ ವ್ಯರ್ಥವಾಗದೆ ಪಾತ್ರೆಗೆ ತಾಗುವಂತೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವಂತೆ ಮಾಡಿದ ಒಲೆ. ಆ ಲೆಕ್ಕಾಚಾರ ಇವತ್ತಿಗೂ ಸರಿಯೇ.

ಬಲ್ಬಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 2015ರಲ್ಲಿ 'ಹೊಸ ಬೆಳಕು' ಯೋಜನೆಯಲ್ಲಿ ಎಲ್‌ಇಡಿ ಬಲ್ಬು ಕಡಿಮೆ ಬೆಲೆಗೆ ಸಿಕ್ಕಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಬದಲಾಗಿದೆ. ಬಚ್ಚಲು, ಕೊಟ್ಟಿಗೆ, ಹೊರಗಿನ ಜಗಲಿಯಲ್ಲಿ ಇನ್ನೂ ಹಳದಿ ಬಲ್ಬ್ ಇದ್ದರೆ ತೆಗೆಯಿರಿ. 60 ವಾಟಿನದ್ದು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಬೆಳಕಿನ 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ.

ಫ್ಯಾನ್ ಮಾತ್ರ ನಮ್ಮ ಊರಿನ ನಿಜವಾದ ಪ್ರಶ್ನೆ. ಮಾರ್ಚಿನಿಂದ ಮಳೆ ಬರುವವರೆಗೆ ಫ್ಯಾನ್ ಇಲ್ಲದೆ ಇರಲಿಕ್ಕೆ ಸಾಧ್ಯವಾ? ಹಳೆಯ ಸೀಲಿಂಗ್ ಫ್ಯಾನ್ 75 ವಾಟ್. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಎಂಬ ಹೊಸ ಜಾತಿಯ ಫ್ಯಾನ್ ಸುಮಾರು 30 ವಾಟಿನಲ್ಲಿ ತಿರುಗುತ್ತದೆ. ತಿಂಗಳಿಗೆ 11 ಯೂನಿಟ್ ಸಾಕು. ಸೀಲಿಂಗ್ ಫ್ಯಾನಿಗೆ 2023ರಿಂದ ನಕ್ಷತ್ರದ ಲೇಬಲ್ ಕಡ್ಡಾಯ. ಲೇಬಲ್ಲಿನಲ್ಲಿ ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಕಡಿಮೆ. ಅಂಗಡಿಯವರು ಹೇಳಿದ್ದನ್ನು ನಂಬುವುದಕ್ಕಿಂತ ಲೇಬಲ್ ಓದಿ.

ಹಾಗಾದರೆ ಸಂಘದಿಂದ ಸಾಲ ತೆಗೆದು ಎಲ್ಲಾ ಫ್ಯಾನ್ ಬದಲಾಯಿಸುವುದಾ? ನಿಲ್ಲಿ. ಬಿಎಲ್‌ಡಿಸಿ ಫ್ಯಾನಿಗೆ ಮೂರು ಸಾವಿರದ ಹತ್ತಿರ ಬೀಳುತ್ತದೆ. ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಫ್ಯಾನ್ ಬದಲಿಸಿ ನಿಮಗೆ ದುಡ್ಡು ಉಳಿಯುವುದಿಲ್ಲ. ಮಿತಿ ದಾಟಿ ದುಡ್ಡು ಕಟ್ಟುವ ಮನೆಯಾದರೆ ತಿಂಗಳಿಗೆ 16 ಯೂನಿಟ್, ಅಂದರೆ ನೂರು ರೂಪಾಯಿ ಚಿಲ್ಲರೆ ಉಳಿತಾಯ. ಫ್ಯಾನಿನ ಬೆಲೆ ಬರಲು ಎರಡೂವರೆ ವರ್ಷ ಹತ್ತಿರ ಬೇಕು. ಬೇಸಿಗೆಯಲ್ಲಿ ಪ್ರತಿ ವರ್ಷ 200 ದಾಟುವ ಮನೆಯಾದರೆ ಲೆಕ್ಕ ಬೇರೆ, ಆಗ ಒಂದೇ ತಿಂಗಳಲ್ಲಿ ಸಾವಿರ ಉಳಿಯಬಹುದು. ಹಾಗಾಗಿ ಅತಿ ಹೆಚ್ಚು ಹೊತ್ತು ತಿರುಗುವ ಒಂದು ಫ್ಯಾನ್ ಬದಲಾಯಿಸಿ, ಆರು ತಿಂಗಳ ಬಿಲ್ ನೋಡಿ, ಆಮೇಲೆ ಎರಡನೆಯದು. ಬೀಡಿ ಕಟ್ಟಲು ಕೂರುವ ಕೋಣೆಯ ಫ್ಯಾನ್ ಇದಕ್ಕೆ ಸರಿ.

ಫ್ರಿಜ್ಜಿಗೆ ಒಂದು ಮಾತು. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ. ಎಳೆದಾಗ ಸಲೀಸಾಗಿ ಬಂದರೆ ಬಾಗಿಲಿನ ರಬ್ಬರ್ ಹೋಗಿದೆ, ತಣ್ಣಗೆ ಹೊರಗೆ ಸೋರುತ್ತಿದೆ. ರಬ್ಬರ್ ಬದಲಿಸಲು ಹೊಸ ಫ್ರಿಜ್ಜಿನಷ್ಟು ಖರ್ಚಿಲ್ಲ. ಗೋಡೆಗೆ ತಾಗಿಸಿ, ಒಲೆಯ ಹತ್ತಿರ ಇಡಬೇಡಿ. ಮತ್ತೆ, ಕಡಿಮೆಗೆ ಸಿಗುತ್ತದೆ ಎಂದು ಹದಿನೈದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಫ್ರಿಜ್ ತರಬೇಡಿ. ಉಳಿದ ದುಡ್ಡನ್ನು ಬಿಲ್ಲಿನಲ್ಲಿ ಕಟ್ಟುತ್ತೀರಿ.

ಗ್ಯಾಸಿನಲ್ಲಿ ನಮಗೆ ಹೆಚ್ಚು ಖರ್ಚು ಕುಚ್ಚಲಕ್ಕಿ ಬೇಯಿಸಲಿಕ್ಕೆ. ಅಕ್ಕಿಯನ್ನು ರಾತ್ರಿ ನೆನೆಸಿ, ಒಂದು ಕುದಿ ಬಂದ ಮೇಲೆ ಮುಚ್ಚಿ ಉರಿ ಆರಿಸಿ ಅರ್ಧ ಗಂಟೆ ಬಿಟ್ಟು, ಮತ್ತೆ ಕುದಿಸಿದರೆ ಉರಿಯುವ ಹೊತ್ತು ಸಾಕಷ್ಟು ಕಡಿಮೆಯಾಗುತ್ತದೆ. ನಿಮ್ಮ ಹೆಸರಿನಲ್ಲಿ ಉಜ್ವಲಾ ಸಂಪರ್ಕ ಇದ್ದರೆ, 2025-26ರಲ್ಲಿ ವರ್ಷಕ್ಕೆ 9 ಸಿಲಿಂಡರಿನ ವರೆಗೆ ತಲಾ 300 ರೂಪಾಯಿ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರುವ ವ್ಯವಸ್ಥೆ ಮಾಡಿದ್ದರು. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಬಾರದಿದ್ದರೆ ಇ-ಕೆವೈಸಿ ಆಗಿದೆಯಾ ಎಂದು ಏಜೆನ್ಸಿಯಲ್ಲಿ ವಿಚಾರಿಸಿ.

ಸೋಲಾರ್ ಹಾಕಿಸಬೇಕಾ?

ಮನೆ ಮನೆಗೆ ಬಂದು ಸೋಲಾರ್ ಹಾಕಿಸಿ ಎಂದು ಹೇಳುವವರು ಈಗ ಹೆಚ್ಚಾಗಿದ್ದಾರೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾದದ್ದು. ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಸಬ್ಸಿಡಿ ಹಾಕಿಸಿದ ಮೇಲೆ ನಿಮ್ಮ ಖಾತೆಗೆ ಬರುತ್ತದೆ, ಮೊದಲೇ ಅಲ್ಲ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ಮಾಡು ಬೇಕು, ಒಳ್ಳೆಯ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟಿನಷ್ಟು ಬರುತ್ತದೆ. ನಮ್ಮ ಜೂನ್ ಜುಲೈ ಮಳೆಯಲ್ಲಿ ಅಷ್ಟು ನಿರೀಕ್ಷಿಸಬೇಡಿ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಹಂಚಿನ ಮನೆಯವರು ಇದಕ್ಕಾಗಿ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸ್ವಂತ ತಾರಸಿ ಮನೆ, ತಿಂಗಳಿಗೆ 250-300 ಯೂನಿಟ್, ಪೂರ್ತಿ ಬಿಲ್ ಕಟ್ಟುವವರು ಎಂದಾದರೆ ಯೋಚಿಸಬಹುದು. ಅರ್ಜಿ ಯೋಜನೆಯ ಸರ್ಕಾರಿ ಪೋರ್ಟಲಿನಲ್ಲೇ ಆಗಬೇಕು. ಮುಂಗಡ ಕೇಳುವ ಏಜೆಂಟರ ಕೈಗೆ ನಗದು ಕೊಡಬೇಡಿ.

ಬಿಲ್ ಕಟ್ಟಲು ಆಗದಿದ್ದರೆ, ಬಿಲ್ಲೇ ತಪ್ಪಿದ್ದರೆ

ಬಿಲ್ ಕಟ್ಟಲಾಗದೆ ಸುಮ್ಮನೆ ಮನೆಯಲ್ಲಿ ಕೂರುವುದು ಅತಿ ಕೆಟ್ಟದ್ದು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ, ಬಾಕಿಗಾಗಿ ಕರೆಂಟು ಕಡಿಯುವ ಮೊದಲು ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆ ನೋಟಿಸ್ ಬಿಲ್ಲಿನಲ್ಲೇ ಸಣ್ಣ ಅಕ್ಷರದಲ್ಲಿ ಇರಬಹುದು, ಬಿಲ್ಲಿನ ಎರಡೂ ಬದಿ ಓದಿ. ಆ ದಿನಗಳೊಳಗೆ ಉಪವಿಭಾಗ ಕಚೇರಿಗೆ ಹೋಗಿ, ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಇಟ್ಟುಕೊಂಡು ಸ್ವೀಕರಿಸಿದ ಸೀಲು ಹಾಕಿಸಿ.

ಬಿಲ್ ತಪ್ಪು ಎಂದು ನಿಮಗೆ ಅನಿಸಿದರೆ ಅದೇ ಕಲಂನಲ್ಲಿ ಒಂದು ಒಳ್ಳೆಯ ರಕ್ಷಣೆ ಉಂಟು, ಹೆಚ್ಚಿನವರಿಗೆ ಗೊತ್ತಿಲ್ಲ. ತಕರಾರು ಇದೆ ಎಂದು ಬರೆದು ಕೊಟ್ಟು, ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಲ್ಲಿ ಬರುವ ಮೊತ್ತ, ಎರಡರಲ್ಲಿ ಕಡಿಮೆಯದ್ದನ್ನು ಕಟ್ಟಿದರೆ, ತಕರಾರು ತೀರ್ಮಾನ ಆಗುವವರೆಗೆ ಕರೆಂಟು ಕಡಿಯುವಂತಿಲ್ಲ. ಮೀಟರ್ ಮೇಲೆ ಸಂಶಯ ಇದ್ದರೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು, ಅದು ಬಿಲ್ಲಿನಲ್ಲಿ ನಿರಂತರವಾಗಿ ತೋರಿಸಿಕೊಂಡು ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ.

ಮೆಸ್ಕಾಂನ ಸಹಾಯವಾಣಿ 1912. ದೂರಿನ ನಂಬರ್ ಕೊಡುತ್ತಾರೆ, ಬರೆದುಕೊಳ್ಳಿ. ಮೆಸ್ಕಾಂ ಜನಸಂಪರ್ಕ ಸಭೆ ಕರೆದಾಗ ಐದಾರು ಸಂಘದವರು ಒಟ್ಟಾಗಿ ಹೋದರೆ ಮಾತಿಗೆ ತೂಕ ಬರುತ್ತದೆ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಉಂಟು, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಇದಕ್ಕೆಲ್ಲ ವಕೀಲರು ಬೇಕೆಂದಿಲ್ಲ, ಬಿಲ್ಲುಗಳು ಮತ್ತು ಸೀಲು ಹಾಕಿದ ಅರ್ಜಿಯ ಪ್ರತಿ ಬೇಕು.

ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ 'ಹೆಚ್ಚುವರಿ ಠೇವಣಿ' ಎಂದು ಬಂದರೆ ಗಾಬರಿ ಬೇಡ. ಅದು ದಂಡ ಅಲ್ಲ. ನಿಮ್ಮ ಬಳಕೆ ಹೆಚ್ಚಿದ್ದರಿಂದ ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರಬೇಕು ಎಂದು ಕೇಳುವುದು. ಆ ಠೇವಣಿಗೆ ಬಡ್ಡಿ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ, ಬಿಲ್ಲಿನಲ್ಲಿ ಜಮೆ ಆಗಿದೆಯಾ ನೋಡಿ.

"ಇವತ್ತು ರಾತ್ರಿ ನಿಮ್ಮ ಕರೆಂಟು ಕಡಿಯುತ್ತೇವೆ, ಈ ನಂಬರಿಗೆ ಫೋನ್ ಮಾಡಿ" ಎಂದು ಮೊಬೈಲಿಗೆ ಸಂದೇಶ ಬಂದರೆ ಅದು ಮೋಸ. ಫೋನ್ ಮಾಡಬೇಡಿ, ಒಟಿಪಿ ಹೇಳಬೇಡಿ. ಸಂಶಯ ಇದ್ದರೆ 1912ಕ್ಕೇ ಕೇಳಿ.

ಎರಡು ಸಾವಿರ ಕೇಳಿದ ಆ ಸದಸ್ಯೆಗೆ ಸಂಘ ಅಂದು ಸಾಲ ಕೊಟ್ಟಿತು, ಬಿಲ್ ಕಟ್ಟಿಯೂ ಆಯಿತು. ಪಂಪಿನ ಲೈನ್ ಬದಲಾದ ಮೇಲೆ ಬೇಸಿಗೆಯಲ್ಲಿ ಹೆಚ್ಚಾದ ದುಡ್ಡಿನಲ್ಲಿ ಮಾಲೀಕರು ಅರ್ಧ ಬಾಡಿಗೆಯಲ್ಲಿ ಕಳೆದುಕೊಂಡರು. ಉಳಿದ ಅರ್ಧ ಬಿಟ್ಟುಬಿಡಿ ಸಿಸ್ಟರ್, ನೆರೆಕರೆಯಲ್ಲಿ ಇರಬೇಕಲ್ಲ ಎಂದು ಅವರೇ ಹೇಳಿದರು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಹಿಂದಿನ ಎರಡು ತಿಂಗಳ ಬಿಲ್ ತನ್ನಿ. ಬಾಡಿಗೆಯವರು ಆಧಾರ್ ಕಾರ್ಡನ್ನೂ ತನ್ನಿ. ಪ್ರತಿನಿಧಿಗಳು ನಿರ್ಣಯ ಪುಸ್ತಕದ ಒಂದು ಪುಟದಲ್ಲಿ ಮೂರು ಗೆರೆ ಎಳೆದು ಸದಸ್ಯೆಯ ಹೆಸರು, ಮನೆಯ ಉಚಿತ ಮಿತಿ, ಬಳಸಿದ ಯೂನಿಟ್ ಬರೆದಿಡಿ. ಮಿತಿ ಗೊತ್ತಿಲ್ಲದವರ ಪಟ್ಟಿ ಬೇರೆ ಮಾಡಿ ಕೊಟ್ಟರೆ, ಮೆಸ್ಕಾಂ ಕಚೇರಿಗೆ ಎಲ್ಲರ ಪರವಾಗಿ ಒಂದೇ ಸಲ ಹೋಗಿ ಬರುವ.